ಮೂಗಿನ ಸಾಕ್ಷ್ಯ

ಮಾಗಡಿ ತಾಲ್ಲೂಕಿನ ಕಲ್ಯ ಇಂದು ಒಂದು ಸಣ್ಣ ಗ್ರಾಮ. ನಾಡಿನ ಚರಿತ್ರೆಯಲ್ಲಿ ಅದರ ಸ್ಥಾನ ಮಾತ್ರ ಸಣ್ಣದಲ್ಲ. ಪಾಲ್ಕುರಿಕೆ ಸೋಮನಾಥನು ಐಕ್ಯನಾದ ಕ್ಷೇತ್ರವೆಂದು ನಮ್ಮ ಪರಂಪರೆ ಅದನ್ನು ಭಕ್ತಿಯಿಂದ ನೆನೆಯುತ್ತ ಬಂದಿದೆ. ಜೈನರಿಗೂ ಶ್ರೀವೈಷ್ಣವರಿಗೂ ನಡುವೆ ಉಂಟಾಗಿದ್ದ ವ್ಯಾಜ್ಯವನ್ನು ವಿಜಯನಗರದ ಬುಕ್ಕರಾಯನು 1368ರಲ್ಲಿ ತೀರಿಸಿದನಷ್ಟೆ. ಆ ತೀರ್ಪಿನ ಶಾಸನ ಶ್ರವಣಬೆಳಗೊಳದಲ್ಲಿರುವಂತೆ ಕಲ್ಯದಲ್ಲಿಯೂ ದೊರೆತಿದೆ. ಇದನ್ನು ಮತಸಾಮರಸ್ಯದ ದಾಖಲೆಯೆಂದು ವಿದ್ವಾಂಸರು ಕೊಂಡಾಡಿರುವುದು ಯುಕ್ತವಾಗಿಯೇ ಇದೆ. ನಾವು ವಾಚಕರ ಗಮನಕ್ಕೆ ತರಬಯಸುವುದು ಅದರ ಇನ್ನೊಂದು ಮುಖವನ್ನು. ಆ ತೀರ್ಪಿಗೆ ಕಾರಣವಾದದ್ದು ಊರೂರಿನ ಜನರು ಅರಸನಲ್ಲಿ ಮಾಡಿಕೊಂಡ ಬಿನ್ನಹ. ಬಿನ್ನಹ ಮಾಡಿದವರು ಯಾವ ಯಾವ ಪಟ್ಟಣದವರೆಂಬುದು ಶಾಸನದಲ್ಲಿ ನಮೂದಾಗಿದೆ. ಕಲ್ಲೆಹ, ಅಂದರೆ ಕಲ್ಯವೂ ಅವುಗಳಲ್ಲಿ ಒಂದು. ಕಾಲವೂ ನಮೂದಾಗಿದೆ.

ಬಾಯಲ್ಲಿಯೇ ಉಳಿದ ದೂರು ಗಾಳಿಗೆ ಹೋಗುತ್ತದೆ. ಊರು, ದಿನ, ವಿಷಯಗಳೊಡನೆ ಬರಹಕ್ಕಿಳಿದ ದೂರು ಸಾಕ್ಷ್ಯವಾಗಿ ನಿಲ್ಲುತ್ತದೆ. ಕಲ್ಯದ ಕಲ್ಲು ಹೇಳುವ ಈ ಪಾಠವನ್ನು ನಾವು ಇಂದು ನೆನೆಯಲು ಕಾರಣವಿದೆ. ಇದೇ ಸೀಮೆಯ ಅನೇಕ ಕುಟುಂಬಗಳು ಬಹುಕಾಲದಿಂದ ಒಂದು ದೂರನ್ನು ಹೇಳುತ್ತ ಬಂದಿವೆ. ಅದು ಕಣ್ಣಿಗೆ ಕಾಣುವಂಥದಲ್ಲ, ತಕ್ಕಡಿಗೆ ಸಿಗುವಂಥದಲ್ಲ. ಅದು ದುರ್ವಾಸನೆಯ ದೂರು.

ವೃಷಭಾವತಿಯ ದಡದಲ್ಲಿ

ಕಲ್ಯದಿಂದ ಆಗ್ನೇಯಕ್ಕೆ, ಬಿಡದಿಯ ಸಮೀಪದಲ್ಲಿ ಬೈರಮಂಗಲದ ಕೆರೆಯಿದೆ. ಇದಕ್ಕೆ ನೀರು ಬರುವುದು ವೃಷಭಾವತಿಯಿಂದ. ಬೆಂಗಳೂರಿನ ಬಸವನಗುಡಿಯ ದೊಡ್ಡ ಬಸವಣ್ಣನ ಸನ್ನಿಧಿಯಲ್ಲಿ ಹುಟ್ಟಿದಳೆಂಬ ಪ್ರತೀತಿಯಿಂದ ಈ ಹೊಳೆಗೆ ವೃಷಭನ ಹೆಸರು ಬಂದಿತು. ಮೈಸೂರು ರಸ್ತೆಯ ಮಗ್ಗುಲಲ್ಲಿ ಕೆಂಗೇರಿಯನ್ನು ದಾಟಿ, ಬೈರಮಂಗಲದ ಕೆರೆಯನ್ನು ಹೊಕ್ಕು, ಮುಂದೆ ಅರ್ಕಾವತಿಯನ್ನು ಸೇರಿ, ಕನಕಪುರದ ಆಚೆ ಸಂಗಮದಲ್ಲಿ ಕಾವೇರಿಗೆ ಕೂಡುವ ಪಾವನ ಜಲಮಾರ್ಗವಿದು. ನಗರ ಬೆಳೆದಂತೆ ಅದರ ಬಚ್ಚಲ ನೀರೂ ಕಾರ್ಖಾನೆಗಳ ನೀರೂ ಇದರಲ್ಲಿ ಹರಿಯತೊಡಗಿದವು. ಶುದ್ಧೀಕರಣ ಘಟಕಗಳನ್ನು ಕಟ್ಟಲಾಗಿದೆಯಾದರೂ ಬರುವ ಹೊಲಸೆಲ್ಲ ಅವುಗಳನ್ನು ಹಾಯ್ದು ಬರುವುದಿಲ್ಲ. ಕೆರೆಯ ಕೋಡಿಯಲ್ಲಿ ನೀರು ಧುಮುಕುವಾಗ ಬಿಳಿಯ ನೊರೆ ಏಳುವುದನ್ನು ಅನೇಕರು ಕಂಡಿದ್ದಾರೆ. ವಿಪರ್ಯಾಸವೆಂದರೆ ಆ ನೀರನ್ನೇ ನಂಬಿ ಹಿಪ್ಪುನೇರಳೆ, ಮೇವು, ತರಕಾರಿ ಬೆಳೆಯುವ ರೈತರೂ ಅಲ್ಲಿ ಇದ್ದಾರೆ.

ಕೆಲವು ವರ್ಷಗಳ ಹಿಂದೆ, ಮಾಘ ಮಾಸದಲ್ಲಿ, ಆ ಹೊಳೆಗೆ ಪಶ್ಚಿಮದಲ್ಲಿರುವ ಒಂದು ಊರಿನ ಭಕ್ತರ ಮನೆಯ ಗೃಹಪ್ರವೇಶಕ್ಕೆ ನಾವು ಹೋಗಿದ್ದೆವು. ಹಗಲೆಲ್ಲ ಎಲ್ಲವೂ ಸುಗಮವಾಗಿತ್ತು. ಸಂಜೆ ದೀಪ ಹಚ್ಚುವ ಹೊತ್ತಿಗೆ, ಪಂಕ್ತಿ ಕುಳಿತು ಎಲೆಗೆ ಪ್ರಸಾದ ಬಡಿಸುತ್ತಿರುವಾಗ, ಕೊಳೆತ ಮೊಟ್ಟೆಯಂಥ ವಾಸನೆ ಮೆಲ್ಲನೆ ಒಳಗೆ ಬಂದಿತು. ಮನೆಯ ಹಿರಿಯ ತಾಯಿ ಕೈಮುಗಿದು, “ಅಯ್ಯನವರೇ, ಪ್ರಸಾದದ ಹೊತ್ತಿಗೇ ಹಿಂಗಾಯ್ತು, ಮನಸ್ಸಿಗೆ ತಗೋಬೇಡಿ” ಎಂದರು. ಮಾಡದ ತಪ್ಪಿಗೆ ಅವರು ಕ್ಷಮೆ ಬೇಡುತ್ತಿದ್ದುದು ನಮ್ಮ ಮನಸ್ಸನ್ನು ನೋಯಿಸಿತು. ಧೂಪ ಹಾಕಿದರು, ಕಿಟಕಿ ಮುಚ್ಚಿದರು. ಸ್ವಲ್ಪ ಹೊತ್ತಿನ ಮೇಲೆ ಬೆಂಗಳೂರಿನಿಂದ ಬಂದಿದ್ದ ಮೊಮ್ಮಗನು, “ಅಜ್ಜಿ, ಈಗ ಹೋಯ್ತಲ್ಲ” ಎಂದಾಗ ಆ ತಾಯಿ ನಕ್ಕು, “ವಾಸನೆ ಹೋಗಿಲ್ಲ ಮಗ, ನಿನ್ನ ಮೂಗು ಸೋತಿದೆ” ಎಂದರು. ಶಾಸ್ತ್ರಗ್ರಂಥವೊಂದರ ಅಧ್ಯಾಯಕ್ಕೆ ಸಮನಾದ ಮಾತದು.

ಮನೆಯ ಯಜಮಾನರು ಹೇಳಿದ ಸಂಗತಿ ಇನ್ನೂ ವಿಚಾರಾರ್ಹವಾಗಿತ್ತು. ಊರವರ ಅರ್ಜಿಯ ಮೇಲೆ ಒಮ್ಮೆ ತನಿಖೆಗೆ ಬಂದವರು ಮಧ್ಯಾಹ್ನ ಹನ್ನೆರಡು ಗಂಟೆಗೆ ಬಂದರಂತೆ. ಬಿಸಿಲು ಕಾಯುತ್ತಿತ್ತು, ಗಾಳಿ ಬೀಸುತ್ತಿತ್ತು, ವಾಸನೆ ಇರಲಿಲ್ಲ. ‘ದುರ್ವಾಸನೆ ಕಂಡುಬರಲಿಲ್ಲ’ ಎಂದು ಬರೆದುಕೊಂಡು ಹೊರಟುಹೋದರಂತೆ. ಬಂದವರು ಸುಳ್ಳು ಬರೆದರೆಂದು ಹೇಳುವಂತಿಲ್ಲ. ಊರವರು ಸುಳ್ಳು ಹೇಳಿದರೆಂದೂ ಹೇಳುವಂತಿಲ್ಲ. ಒಬ್ಬರು ಒಂದು ಗಳಿಗೆಯನ್ನು ಅಳೆದರು. ಇನ್ನೊಬ್ಬರು ವರ್ಷವನ್ನು ಅನುಭವಿಸಿದ್ದರು. ಆದರೆ ವರ್ಷದ ಲೆಕ್ಕ ಅವರ ಬಳಿ ಬರಹದಲ್ಲಿ ಇರಲಿಲ್ಲ. ಗಾಳಿಗೆ ಗುದ್ದಿ ಮೈ ನೋಯಿಸಿಕೊಂಡಂತಾಯಿತು.

ಗಂಧವನ್ನು ಅಳೆಯುವುದು ಏಕೆ ಕಷ್ಟ?

ಷಟ್‌ಸ್ಥಲ ಶಾಸ್ತ್ರವನ್ನು ಓದಿದವರಿಗೆ ಗಂಧವು ಪೃಥ್ವಿಯ ಗುಣವೆಂಬುದೂ, ಘ್ರಾಣೇಂದ್ರಿಯವು ಆಚಾರಲಿಂಗಕ್ಕೆ ಮುಖವೆಂಬುದೂ ತಿಳಿದಿದೆ. ಮೊದಲ ಮೆಟ್ಟಿಲಿನಲ್ಲಿಯೇ ಮೂಗನ್ನೂ ಆಚಾರವನ್ನೂ ಒಟ್ಟಿಗೆ ಇರಿಸಿದ ಹಿರಿಯರು ಈ ಇಂದ್ರಿಯವನ್ನು ಹಗುರವಾಗಿ ಎಣಿಸಲಿಲ್ಲ. ಆಧುನಿಕ ವಿಜ್ಞಾನವೂ ಎಣಿಸುವುದಿಲ್ಲ. ಶಬ್ದವನ್ನು ಡೆಸಿಬಲ್‌ನಲ್ಲಿ ಅಳೆಯಬಹುದು, ಬಣ್ಣವನ್ನು ಬೆಳಕಿನ ತರಂಗದಿಂದ ಗುರುತಿಸಬಹುದು. ವಾಸನೆಗೆ ಅಂಥ ಒಂದೇ ಅಳತೆಗೋಲು ಇಲ್ಲ. ಅದು ಹಲವು ಅನಿಲಗಳ ಮಿಶ್ರಣ. ಚರಂಡಿಯ ನೀರಿನಲ್ಲಿ ಪ್ರಾಣವಾಯು ಮುಗಿದುಹೋದಾಗ ಕೆಲವು ಸೂಕ್ಷ್ಮಾಣುಜೀವಿಗಳು ಗಂಧಕದ ಲವಣಗಳನ್ನು ಒಡೆದು ಹೈಡ್ರೋಜನ್ ಸಲ್ಫೈಡ್ ಎಂಬ ಅನಿಲವನ್ನು ಹುಟ್ಟಿಸುತ್ತವೆ. ಕೊಳೆತ ಮೊಟ್ಟೆಯ ವಾಸನೆ ಇದರದೇ. ಇದರೊಡನೆ ಅಮೋನಿಯ, ಮರ್ಕಾಪ್ಟನ್ ಮೊದಲಾದುವು ಸೇರುತ್ತವೆ. ಶತಕೋಟಿ ಭಾಗ ಗಾಳಿಯಲ್ಲಿ ಹೈಡ್ರೋಜನ್ ಸಲ್ಫೈಡ್ ಕೆಲವೇ ಭಾಗವಿದ್ದರೂ ಮನುಷ್ಯನ ಮೂಗು ಅದನ್ನು ಹಿಡಿಯಬಲ್ಲದು. ಅಷ್ಟು ಸೂಕ್ಷ್ಮವಾಗಿ ಹಿಡಿಯುವ ಯಂತ್ರವನ್ನು ಊರೂರಿಗೂ ಇಡಹೊರಟರೆ ಮೂಗಿಗಿಂತ ಮೂಗುತಿ ಭಾರವಾದೀತು.

ವಾಸನೆ ಸಂಜೆಗೆ ಏಕೆ ಬರುತ್ತದೆ? ಹಗಲಿನಲ್ಲಿ ನೆಲ ಕಾದು ಗಾಳಿ ಮೇಲೇರುತ್ತದೆ. ಅನಿಲಗಳು ಎತ್ತರಕ್ಕೆ ಹೋಗಿ ಚದುರುತ್ತವೆ. ಸೂರ್ಯಾಸ್ತದ ನಂತರ ನೆಲ ಬೇಗ ತಣ್ಣಗಾಗಿ, ತಣ್ಣನೆಯ ಗಾಳಿ ಕೆಳಗೂ ಬೆಚ್ಚನೆಯ ಗಾಳಿ ಮೇಲೂ ನಿಲ್ಲುತ್ತವೆ. ಪಾತ್ರೆಗೆ ಮುಚ್ಚಳ ಹಾಕಿದಂತಾಗುತ್ತದೆ. ಅದಕ್ಕಾಗಿಯೇ ರಾತ್ರಿಯಲ್ಲಿಯೂ ನಸುಕಿನಲ್ಲಿಯೂ ದೂರು ಹೆಚ್ಚು. ಇನ್ನು ದಿಕ್ಕಿನ ಮಾತು. ಮುಂಗಾರಿನಲ್ಲಿ ನಮ್ಮ ಸೀಮೆಗೆ ಗಾಳಿ ಪಶ್ಚಿಮದಿಂದ ಬೀಸುತ್ತದೆ, ಚಳಿಗಾಲದಲ್ಲಿ ಮೂಡಣದಿಂದ. ಆದುದರಿಂದ ಹೊಳೆಯ ಪಶ್ಚಿಮದ ಊರಿಗೆ ಚಳಿಗಾಲದಲ್ಲಿ ಕಾಟ, ಮೂಡಲ ಊರಿಗೆ ಮಳೆಗಾಲದಲ್ಲಿ ಕಾಟ. ತನಿಖೆಗೆ ಬರುವವರು ಯಾವ ಊರಿಗೆ, ಯಾವ ಮಾಸದಲ್ಲಿ, ಯಾವ ಗಳಿಗೆಯಲ್ಲಿ ಬಂದರೆಂಬುದರ ಮೇಲೆ ಸತ್ಯವೇ ಬದಲಾದಂತೆ ತೋರುತ್ತದೆ.

ಮೂಗೇ ಉಪಕರಣ

ಹೀಗಿರಲಾಗಿ ಪಶ್ಚಿಮ ದೇಶಗಳ ವಿಜ್ಞಾನಿಗಳು ಒಂದು ಸರಳವಾದ ತೀರ್ಮಾನಕ್ಕೆ ಬಂದರು: ವಾಸನೆಯನ್ನು ಅಳೆಯಲು ಮೂಗೇ ತಕ್ಕ ಉಪಕರಣ, ಆದರೆ ಆ ಮೂಗಿಗೆ ಒಂದು ಶಿಸ್ತು ಬೇಕು. ಯೂರೋಪಿನಲ್ಲಿ 2003ರಲ್ಲಿ ಮೊದಲು ಪ್ರಕಟವಾಗಿ 2022ರಲ್ಲಿ ಪರಿಷ್ಕೃತವಾದ ಮಾನಕದಂತೆ, ವಾಸನೆಯ ಗಾಳಿಯನ್ನು ಚೀಲದಲ್ಲಿ ತುಂಬಿ ಪ್ರಯೋಗಾಲಯಕ್ಕೆ ತರುತ್ತಾರೆ. ಕನಿಷ್ಠ ನಾಲ್ವರು ಪರೀಕ್ಷಕರು ಅದನ್ನು ಶುದ್ಧವಾದ ಗಾಳಿಯೊಡನೆ ಬೇರೆ ಬೇರೆ ಪ್ರಮಾಣದಲ್ಲಿ ಬೆರೆಸಿ ಮೂಸುತ್ತಾರೆ. ಅರ್ಧದಷ್ಟು ಜನರಿಗೆ ಮಾತ್ರ ವಾಸನೆ ತಿಳಿಯುವ ಮಟ್ಟಕ್ಕೆ ತರಲು ಎಷ್ಟು ಪಟ್ಟು ಶುದ್ಧ ಗಾಳಿ ಬೇಕಾಯಿತೋ ಅದೇ ಆ ವಾಸನೆಯ ಅಳತೆ. ಬ್ಯೂಟನಾಲ್ ಎಂಬ ದ್ರವ್ಯದಿಂದ ಮೂಗುಗಳನ್ನು ಮೊದಲೇ ಪರೀಕ್ಷಿಸಿ, ಅತಿ ಚುರುಕಾದವನ್ನೂ ಅತಿ ಮಂದವಾದವನ್ನೂ ಬಿಟ್ಟು, ಸಾಧಾರಣವಾದ ಮೂಗುಗಳನ್ನೇ ಆರಿಸುತ್ತಾರೆಂಬುದು ಗಮನಾರ್ಹ.

ಜರ್ಮನಿಯವರು ಇನ್ನೂ ಮುಂದೆ ಹೋದರು. ಅಲ್ಲಿ ತರಬೇತಿ ಪಡೆದವರು ಗೊತ್ತಾದ ಸ್ಥಳಗಳಲ್ಲಿ ಹತ್ತು ನಿಮಿಷ ನಿಂತು, ಪ್ರತಿ ಹತ್ತು ಸೆಕೆಂಡಿಗೊಮ್ಮೆ ಉಸಿರೆಳೆದು, ವಾಸನೆ ಇದೆಯೋ ಇಲ್ಲವೋ ಎಂದು ಗುರುತು ಹಾಕುತ್ತಾರೆ. ಅಲ್ಲಿಗೆ 60 ಉಸಿರು. ಅದರಲ್ಲಿ ಆರು ಅಥವಾ ಹೆಚ್ಚು ಬಾರಿ ವಾಸನೆ ಕಂಡರೆ ಆ ಗಂಟೆಯನ್ನು ‘ವಾಸನೆಯ ಗಂಟೆ’ ಎಂದು ಎಣಿಸುತ್ತಾರೆ. ಬೇರೆ ಬೇರೆ ಋತು, ಬೇರೆ ಬೇರೆ ಹೊತ್ತುಗಳಲ್ಲಿ ಹೀಗೆ ಎಣಿಸಿ, ವಸತಿ ಪ್ರದೇಶದಲ್ಲಿ ವರ್ಷದ ಗಂಟೆಗಳಲ್ಲಿ ನೂರಕ್ಕೆ ಹತ್ತನ್ನು ಮೀರಬಾರದೆಂದು ನಿಯಮಿಸಿದ್ದಾರೆ. 2021ರಲ್ಲಿ ಈ ಪದ್ಧತಿ ಅವರ ವಾಯುಶುದ್ಧಿಯ ರಾಷ್ಟ್ರೀಯ ನಿಯಮಾವಳಿಯಲ್ಲಿಯೇ ಸೇರಿತು.

ನಮಗೆ ಇವೆಲ್ಲಕ್ಕಿಂತ ಹತ್ತಿರವಾದುದು ಮೂರನೆಯ ವಿಧಾನ: ಅಲ್ಲಿಯೇ ವಾಸಿಸುವವರ ವರದಿ. ಸುತ್ತಲಿನ ಮನೆಗಳವರು ದಿನವೂ ಗೊತ್ತಾದ ಹೊತ್ತಿಗೆ ಹೊರಗೆ ಬಂದು, ವಾಸನೆ ಎಷ್ಟಿದೆಯೆಂದು ಸೊನ್ನೆಯಿಂದ ಆರರವರೆಗಿನ ಅಂಕದಲ್ಲಿ ಬರೆಯುವುದು. ಸೊನ್ನೆ ಎಂದರೆ ಇಲ್ಲ, ಮೂರು ಎಂದರೆ ಸ್ಪಷ್ಟವಾಗಿದೆ, ಆರು ಎಂದರೆ ಅತ್ಯಂತ ತೀವ್ರ. ಹತ್ತಾರು ಮನೆಗಳ ಇಂಥ ಬರಹಗಳನ್ನು ಗಾಳಿಯ ದಿಕ್ಕಿನೊಡನೆ ಹೋಲಿಸಿದರೆ ವಾಸನೆಯ ಮೂಲ ತಾನಾಗಿ ಹೊರಬೀಳುತ್ತದೆ. ಮೂಡಣ ಗಾಳಿ ಬೀಸಿದಾಗ ಒಂದು ಊರೂ, ತೆಂಕಣ ಗಾಳಿ ಬೀಸಿದಾಗ ಇನ್ನೊಂದು ಊರೂ ದೂರಿದರೆ, ಆ ಎರಡು ಗಾಳಿಯ ಗೆರೆಗಳು ಕೂಡುವ ಸ್ಥಳವನ್ನು ನಕ್ಷೆಯ ಮೇಲೆ ಬೆರಳಿಟ್ಟು ತೋರಿಸಬಹುದು. ಅಮೆರಿಕದ ಪಿಟ್ಸ್‌ಬರ್ಗ್ ನಗರದಲ್ಲಿ 2016ರಿಂದ ನಿವಾಸಿಗಳು ತಮ್ಮ ಮೊಬೈಲಿನಿಂದಲೇ ಇಂಥ ವರದಿ ಕಳಿಸುವ ಏರ್ಪಾಡು ಬಂದಿತು. ವರದಿಗಳು ಅಲ್ಲಿನ ಆರೋಗ್ಯ ಇಲಾಖೆಗೆ ತಲುಪುತ್ತವೆ. ಯೂರೋಪಿನ ಹಲವು ದೇಶಗಳಲ್ಲಿ 2018ರಿಂದ 2021ರವರೆಗೆ ಇದೇ ಬಗೆಯ ಒಂದು ಯೋಜನೆ ನಡೆಯಿತು.

ನಮ್ಮ ಗುರುಗಳು ಕಲಿಸಿದ ಪಾಠ

ಇದನ್ನೆಲ್ಲ ಓದುವಾಗ ನಮಗೆ ನಮ್ಮ ವಿದ್ಯಾರ್ಥಿ ಜೀವನದ ಒಂದು ಪ್ರಸಂಗ ನೆನಪಾಯಿತು. ನಾವು ಓದುತ್ತಿದ್ದ ಮಠದಲ್ಲಿ ದೊಡ್ಡ ಗೋಶಾಲೆಯಿತ್ತು, ಅದರ ಹಿಂದೆ ತಿಪ್ಪೆಗುಂಡಿ. ಪಕ್ಕದ ಬೀದಿಯ ಒಬ್ಬ ಬಡ ನೇಕಾರನು ಬಂದು, ವಾಸನೆಯಿಂದ ರಾತ್ರಿ ಮಕ್ಕಳಿಗೆ ನಿದ್ರೆಯಿಲ್ಲವೆಂದು ಅರಿಕೆ ಮಾಡಿಕೊಂಡನು. ನಾವು ಹುಡುಗರು, “ನಮಗೇನೂ ವಾಸನೆ ಬರುವುದಿಲ್ಲವಲ್ಲ” ಎಂದೆವು. ಗುರುಗಳು ನಮ್ಮ ಕಡೆ ತಿರುಗಿ, “ತಿಪ್ಪೆಯ ಪಕ್ಕ ಮಲಗುವವರ ಮೂಗು ತಿಪ್ಪೆಯ ಪಕ್ಷವನ್ನೇ ವಹಿಸುತ್ತದೆ. ಅವನ ಮನೆಯ ಜಗುಲಿಯಲ್ಲಿ ನಿಂತು ನೋಡಿ ಬರೆಯಿರಿ” ಎಂದರು. ಹದಿನೈದು ದಿನ, ದಿನಕ್ಕೆ ಮೂರು ಹೊತ್ತು, ಇಬ್ಬಿಬ್ಬರು ಹೋಗಿ, ಒಬ್ಬರನ್ನೊಬ್ಬರು ಕೇಳದೆ ಬರೆಯಬೇಕೆಂಬುದು ಅಪ್ಪಣೆ. ವಾಸನೆ ಇಲ್ಲದ ದಿನ ‘ಇಲ್ಲ’ ಎಂದೇ ಬರೆಯಬೇಕು. ಗಾಳಿ ಎತ್ತ ಕಡೆಯಿಂದ ಎಂಬುದನ್ನು ಬಾವಿಕಟ್ಟೆಯ ಧ್ವಜ ನೋಡಿ ಬರೆಯಬೇಕು.

ಹದಿನಾರನೆಯ ದಿನ ಪುಸ್ತಕ ಬಿಚ್ಚಿದಾಗ ಎಲ್ಲವೂ ನಿಚ್ಚಳವಾಗಿತ್ತು. ಪಡುವಣ ಗಾಳಿಯಿದ್ದ ರಾತ್ರಿಗಳಲ್ಲಿ ಮಾತ್ರ ವಾಸನೆ. ಮಳೆ ಬಿದ್ದ ಮರುದಿನ ಇನ್ನೂ ಹೆಚ್ಚು. ನೇಕಾರನು ‘ದಿನವೂ’ ಎಂದು ಹೇಳಿದ್ದು ಅತಿಶಯ. ನಾವು ‘ಇಲ್ಲವೇ ಇಲ್ಲ’ ಎಂದದ್ದು ಅದಕ್ಕಿಂತ ದೊಡ್ಡ ತಪ್ಪು. ಗುರುಗಳು ಮರುವಾರವೇ ಗುಂಡಿಯನ್ನು ಮಠದ ಇನ್ನೊಂದು ಮಗ್ಗುಲಿಗೆ ತೆಗೆಸಿ, ಮೇಲೆ ಮಣ್ಣು ಮುಚ್ಚುವ ವ್ಯವಸ್ಥೆ ಮಾಡಿದರು. ದೂರು ಬಂದದ್ದು ಮಠದ ಮೇಲೆ; ವಿಚಾರಿಸಿದ್ದೂ ಮಠವೇ. ತನ್ನ ಮೇಲಿನ ದೂರನ್ನು ತಾನೇ ಅಳೆದು ನೋಡುವವನಿಗೆ ಸತ್ಯದ ಭಯವಿರುವುದಿಲ್ಲವೆಂಬುದನ್ನು ನಾವು ಅಂದು ಕಲಿತೆವು.

ಈ ಸಾಕ್ಷ್ಯದ ದೋಷಗಳು

ಊರವರ ವರದಿಯಲ್ಲಿ ದೋಷಗಳೇ ಇಲ್ಲವೆಂದು ಹೇಳುವುದು ಸಲ್ಲ. ಮೊದಲನೆಯದು, ಆ ತಾಯಿ ಹೇಳಿದಂತೆ, ಮೂಗು ಸೋಲುವುದು. ಒಂದೇ ವಾಸನೆಯಲ್ಲಿ ಸ್ವಲ್ಪ ಹೊತ್ತು ಇದ್ದರೆ ಅದು ತಿಳಿಯದಂತಾಗುತ್ತದೆ. ಎರಡನೆಯದು ದ್ವೇಷ, ಕಾರ್ಖಾನೆಯ ಯಜಮಾನನ ಮೇಲಿನ ಮುನಿಸು ಮೂಗಿನ ಮೇಲೆ ಬಂದು ಕೂರಬಹುದು. ಮೂರನೆಯದು ಹಂಗು, ಅದೇ ಕಾರ್ಖಾನೆಯಲ್ಲಿ ಮಗ ದುಡಿಯುತ್ತಿದ್ದರೆ ವಾಸನೆ ಬಂದರೂ ಬರೆಯಲು ಕೈ ಏಳುವುದಿಲ್ಲ. ನಾಲ್ಕನೆಯದು ಬೇಸರ, ಮೊದಲ ವಾರ ಇಪ್ಪತ್ತು ಮನೆಗಳು ಬರೆದರೆ ಮೂರನೆಯ ತಿಂಗಳಿಗೆ ಎರಡೇ ಮನೆ ಉಳಿಯಬಹುದು.

ಇವಕ್ಕೆ ಪರಿಹಾರವೂ ಇದೆ. ಗಾಳಿ ಎದುರು ದಿಕ್ಕಿನಲ್ಲಿ ಬೀಸುತ್ತಿದ್ದ ದಿನ ದೂರು ಬರೆದಿದ್ದರೆ ಅದು ಹೋಲಿಕೆಯಲ್ಲಿ ಸಿಕ್ಕಿಬೀಳುತ್ತದೆ. ಸೊನ್ನೆಯ ದಿನಗಳನ್ನೂ ಪ್ರಾಮಾಣಿಕವಾಗಿ ಬರೆದ ಪುಸ್ತಕಕ್ಕೆ ಹೆಚ್ಚಿನ ಬೆಲೆ. ಈ ಅಳತೆ ದೂರುವವನಿಗೆ ರಕ್ಷೆಯಾಗುವಂತೆ ದುಡಿಯುವವನಿಗೂ ರಕ್ಷೆಯಾಗುತ್ತದೆ. ರೇಷ್ಮೆಗೆ ಹೆಸರಾದ ರಾಮನಗರದಲ್ಲಿ ಗೂಡು ಬೇಯಿಸಿ ನೂಲು ತೆಗೆಯುವ ಕಾಯಕದಲ್ಲಿ ಕುಟುಂಬಗಳು ಬದುಕುತ್ತಿವೆ. ಬೇಯಿಸಿದ ಹುಳುವಿನ ವಾಸನೆ ಆ ಕಾಯಕಕ್ಕೆ ಅಂಟಿಕೊಂಡದ್ದು. ಅಳತೆಯಿಲ್ಲದ ದೂರು ಇಡೀ ಬೀದಿಯ ಮೇಲೆ ಬೀಳುತ್ತದೆ. ಅಳತೆಯಿರುವ ದೂರು, ಯಾವ ಹೊತ್ತಿನ ವಾಸನೆ ಕಾಯಕದ್ದು, ಯಾವುದು ತೆರವಾಗದೆ ನಿಂತ ಚರಂಡಿಯದು ಎಂಬುದನ್ನು ಬೇರ್ಪಡಿಸುತ್ತದೆ. ಕಾಯಕವನ್ನು ನಿಲ್ಲಿಸದೆ ಚರಂಡಿಯನ್ನು ಸರಿಪಡಿಸಲು ಆಗ ದಾರಿ ತೋರುತ್ತದೆ.

ಇಲ್ಲಿ ಒಂದು ಎಚ್ಚರಿಕೆಯ ಮಾತನ್ನು ಪ್ರತಿ ಮನೆಯವರೂ ನೆನಪಿನಲ್ಲಿಡಬೇಕು. ಹೈಡ್ರೋಜನ್ ಸಲ್ಫೈಡ್ ಅಲ್ಪವಾಗಿದ್ದಾಗ ಮೂಗಿಗೆ ತಿಳಿಯುತ್ತದೆ. ಹತ್ತು ಲಕ್ಷ ಭಾಗಕ್ಕೆ ಸುಮಾರು 100 ಭಾಗದಷ್ಟಾದರೆ ಘ್ರಾಣಶಕ್ತಿಯನ್ನೇ ಕುಂದಿಸುತ್ತದೆ. ಮಲಗುಂಡಿ, ಮ್ಯಾನ್‌ಹೋಲ್, ಗೋಬರ್ ಗ್ಯಾಸ್ ತೊಟ್ಟಿಗಳಲ್ಲಿ ‘ಈಗ ವಾಸನೆಯಿಲ್ಲ’ ಎಂದು ನಂಬಿ ಇಳಿದವರೂ, ಅವರನ್ನು ಎತ್ತಲು ಇಳಿದವರೂ ಪ್ರಾಣ ಕಳೆದುಕೊಂಡಿದ್ದಾರೆ. ಮೂಗು ಒಳ್ಳೆಯ ಸಾಕ್ಷಿ. ಆದರೆ ಗುಂಡಿಯೊಳಗೆ ಅದನ್ನು ಕಾವಲುಗಾರನನ್ನಾಗಿ ಎಂದಿಗೂ ನಂಬಬಾರದು.

ಕಾನೂನಿನ ಬಾಗಿಲು

ನಮ್ಮ ದೇಶದಲ್ಲಿ 2009ರಲ್ಲಿ ಪ್ರಕಟವಾದ ಹೊರಗಿನ ಗಾಳಿಯ ರಾಷ್ಟ್ರೀಯ ಮಾನಕಗಳಲ್ಲಿ 12 ದ್ರವ್ಯಗಳ ಹೆಸರಿದೆ. ಅಮೋನಿಯ ಅದರಲ್ಲಿದೆ, ಹೈಡ್ರೋಜನ್ ಸಲ್ಫೈಡ್ ಇಲ್ಲ, ವಾಸನೆ ಎಂಬುದೂ ಇಲ್ಲ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2008ರಲ್ಲಿ ದುರ್ವಾಸನೆಯ ಬಗ್ಗೆ ಮಾರ್ಗದರ್ಶಿಯನ್ನು ಹೊರತಂದಿದೆಯಾದರೂ ಅದು ಸಲಹೆಯೇ ಹೊರತು ಮಿತಿಯಲ್ಲ. ಹಾಗೆಂದು ಜನರಿಗೆ ದಾರಿಯೇ ಇಲ್ಲವೆಂದಲ್ಲ. ಮಧ್ಯಪ್ರದೇಶದ ರತ್ಲಾಮ್ ಪಟ್ಟಣದ ಒಂದು ವಾರ್ಡಿನ ನಿವಾಸಿಗಳು ತೆರೆದ ಚರಂಡಿ ಮತ್ತು ಮದ್ಯಸಾರದ ಕಾರ್ಖಾನೆಯಿಂದ ಹರಿಯುವ ನೀರಿನ ದುರ್ವಾಸನೆಯನ್ನು ಸಹಿಸಲಾರದೆ ಮ್ಯಾಜಿಸ್ಟ್ರೇಟರ ಮೊರೆ ಹೊಕ್ಕರು. ಹಣವಿಲ್ಲವೆಂಬುದು ಪುರಸಭೆಯ ವಾದ. 1980ರಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರು ಆ ವಾದವನ್ನು ತಳ್ಳಿ, ಜನರ ಪರವಾಗಿ ತೀರ್ಪಿತ್ತರು. ಅಂದು ಬಳಕೆಯಾದ ದಂಡ ಪ್ರಕ್ರಿಯಾ ಸಂಹಿತೆಯ 133ನೆಯ ಪ್ರಕರಣದ ಅಧಿಕಾರ, 2024ರ ಜುಲೈ 1ರಿಂದ ಜಾರಿಗೆ ಬಂದ ಹೊಸ ಸಂಹಿತೆಯಲ್ಲಿ 152ನೆಯ ಪ್ರಕರಣವಾಗಿ ಉಳಿದುಬಂದಿದೆ. ನಮ್ಮಲ್ಲಿಯೂ ಬೆಂಗಳೂರಿನ ಕಸವನ್ನು ಹೊತ್ತ ಮಂಡೂರಿನ ಗ್ರಾಮಸ್ಥರು 2014ರಲ್ಲಿ ಎದ್ದು ನಿಂತ ಮೇಲೆ ಅಲ್ಲಿ ಕಸ ಸುರಿಯುವುದು ಆ ವರ್ಷದ ಕೊನೆಗೆ ನಿಂತಿತು.

ಬಾಗಿಲು ಇದೆ, ಅದನ್ನು ತಟ್ಟುವವರ ಕೈಯಲ್ಲಿ ಪುಸ್ತಕವಿರಬೇಕು. ‘ಬಹಳ ವಾಸನೆ’ ಎಂಬ ಅರ್ಜಿಗೂ, ‘90 ದಿನಗಳಲ್ಲಿ ಇಷ್ಟು ದಿನ, ಈ ಹೊತ್ತಿನಲ್ಲಿ, ಈ ಗಾಳಿಯಲ್ಲಿ, ಇಷ್ಟು ಮನೆಗಳಲ್ಲಿ’ ಎಂಬ ಅರ್ಜಿಗೂ ಅಜಗಜಾಂತರವಿದೆ. ಎರಡನೆಯ ಅರ್ಜಿಯನ್ನು ಓದಿದ ಅಧಿಕಾರಿ ಮಧ್ಯಾಹ್ನದ ಬಿಸಿಲಿನಲ್ಲಿ ಬಂದು ಹೋಗಲಾರನು. ಯಾವ ಗಳಿಗೆಗೆ ಬರಬೇಕೆಂಬುದನ್ನು ಅರ್ಜಿಯೇ ಹೇಳುತ್ತದೆ.

ಮನೆಮನೆಯ ಪುಸ್ತಕ

ಇಂಥ ತೊಂದರೆಯಿರುವ ಊರುಗಳಲ್ಲಿ ಹತ್ತು ಮನೆಯವರು ಕೂಡಿ ತಲಾ ಒಂದು ನೋಟುಪುಸ್ತಕ ಇಟ್ಟರೆ ಸಾಕು. ಅದರಲ್ಲಿ ಆರು ಅಂಕಣಗಳು: ದಿನಾಂಕ, ಹೊತ್ತು, ಗಾಳಿಯ ದಿಕ್ಕು, ಸೊನ್ನೆಯಿಂದ ಆರರ ಅಂಕ, ವಾಸನೆಯ ಬಗೆ, ಎಷ್ಟು ಹೊತ್ತು ಇತ್ತು ಎಂಬುದು. ಬೆಳಿಗ್ಗೆ ಆರಕ್ಕೆ, ಮಧ್ಯಾಹ್ನ ಎರಡಕ್ಕೆ, ರಾತ್ರಿ ಎಂಟಕ್ಕೆ ಮನೆಯ ಹೊರಗೆ ನಿಂತು ಬರೆಯಬೇಕು. ನೆರೆಯವರನ್ನು ಕೇಳಿ ಬರೆಯಬಾರದು. ಪ್ರೌಢಶಾಲೆಯ ಮಕ್ಕಳಿಂದ ಬರೆಯಿಸಿದರೆ ಅದು ಅವರಿಗೆ ವಿಜ್ಞಾನದ ಪಾಠವೂ ಆದೀತು, ಸತ್ಯನಿಷ್ಠೆಯ ಪಾಠವೂ ಆದೀತು. ತಿಂಗಳಿಗೊಮ್ಮೆ ಹತ್ತು ಪುಸ್ತಕಗಳನ್ನು ಒಂದೆಡೆ ಇಟ್ಟು ಹೋಲಿಸಿ, ಪ್ರತಿಯನ್ನು ಗ್ರಾಮ ಪಂಚಾಯಿತಿಗೂ ಮಾಲಿನ್ಯ ನಿಯಂತ್ರಣ ಮಂಡಳಿಗೂ ಸಲ್ಲಿಸಬಹುದು.

ಗೃಹಪ್ರವೇಶದ ಆ ರಾತ್ರಿ ಹೊರಡುವ ಮುನ್ನ ನಾವು ಯಜಮಾನರಿಗೆ ಈ ಮಾತನ್ನು ಹೇಳಿದೆವು. ಅವರು ಸುಮ್ಮನಿದ್ದರು. ಹಿರಿಯ ತಾಯಿ ಒಳಗಿನಿಂದ ಲೆಕ್ಕದ ಹಳೆಯ ಪುಸ್ತಕವೊಂದನ್ನು ತಂದು ಮೊಮ್ಮಗನ ಕೈಯಲ್ಲಿಟ್ಟು, “ಇವತ್ತಿನ ತಾರೀಖು ಹಾಕು ಮಗ, ಅಯ್ಯನವರ ಎದುರಿಗೇ ಬರೀ” ಎಂದರು. ಹುಡುಗನು ದಿನಾಂಕ ಬರೆದು, ಅಂಗಳಕ್ಕೆ ಹೋಗಿ ಗಾಳಿ ನೋಡಿ ಬಂದು, ನಾಲ್ಕು ಎಂಬ ಅಂಕ ಹಾಕಿದನು. ಅಜ್ಜಿ ಅದನ್ನು ನೋಡಿ, “ಐದು ಅಂತ ನನ್ನ ಲೆಕ್ಕ, ಆದರೆ ನೀನು ಕಂಡದ್ದನ್ನೇ ಬರೀ” ಎಂದರು. ಕಲ್ಯದ ಕಲ್ಲಿನಲ್ಲಿ ತಮ್ಮ ಬಿನ್ನಹವನ್ನು ಉಳಿಸಿಹೋದ ಹಿರಿಯರ ಸೀಮೆಯಲ್ಲಿ ಇಂಥ ಪುಸ್ತಕಗಳು ಹೆಚ್ಚಲಿ ಎಂಬುದು ನಮ್ಮ ಹಾರೈಕೆ.